ತಲೆಕೆಳಗಾದ ಅಕ್ಷರವನ್ನು ಓದುವುದು ಹುಟ್ಟುಗುಣವೇ?

ಪ್ರಶ್ನೆ: ಬೆಳಿಗ್ಗೆ ನಾನು ಪೇಪರ್ ಹರಡಿಕೊಂಡು ಕೂತರೆ, ಎದುರಿಗೆ ಕೂತ ಮೊಮ್ಮಗಳು ಅಲ್ಲಿಂದಲೇ ತಲೆಬರಹಗಳನ್ನು ಓದಿ ಹೇಳುತ್ತಾಳೆ. ಅವಳ ಕಡೆಯಿಂದ ಅಕ್ಷರಗಳೆಲ್ಲ ತಲೆಕೆಳಗು. ಬ್ಯಾಂಕಿನಲ್ಲೂ ಕೌಂಟರಿನ ಆಚೆಗಿರುವವರು ನಾನು ತುಂಬುತ್ತಿರುವ ಚಲನ್ ನೋಡಿ, ಅದನ್ನು ತಿರುಗಿಸದೆಯೇ ತಪ್ಪು ತೋರಿಸುತ್ತಾರೆ. ನಾನು ಎಷ್ಟು ತಿಣುಕಿದರೂ ಒಂದು ಸಾಲು ಮುಗಿಯುವುದಿಲ್ಲ. ಇದು ಹುಟ್ಟಿನಿಂದ ಬರುವ ಜಾಣತನವೇ, ಕಲಿತರೆ ಬರುತ್ತದೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ಕಲಿತರೆ ಬರುತ್ತದೆ. ನಿಮಗೆ ಕಷ್ಟವಾಗಲು ಕಾರಣ, ಇಷ್ಟು ವರ್ಷ ನೆಟ್ಟಗಿನ ಅಕ್ಷರಗಳನ್ನು ಚೆನ್ನಾಗಿ ಓದಿದ್ದೇ.

ಚೊಂಬನ್ನು ಬೋರಲು ಹಾಕಿದರೂ ಅದು ಚೊಂಬೇ. ಕೂಸು ಕಣ್ಣು ಬಿಟ್ಟು ನೋಡುವ ಲೋಕದ ನಿಯಮ ಇದು: ವಸ್ತು ಯಾವ ಕಡೆಗೆ ತಿರುಗಿದರೂ ಅದರ ಹೆಸರು ಬದಲಾಗುವುದಿಲ್ಲ. ಅಕ್ಷರಕ್ಕೆ ಈ ನಿಯಮ ನಡೆಯದು. 6 ತಿರುಗಿದರೆ 9 ಆಗುತ್ತದೆ. ಇಂಗ್ಲಿಷಿನ ಚಿಕ್ಕ ಬಿ ಎಡಬಲವಾದರೆ ಡಿ ಆಗುತ್ತದೆ. ಆದ್ದರಿಂದ ಅಕ್ಷರಾಭ್ಯಾಸಕ್ಕೆ ಕೂತ ಮಗು, ಹುಟ್ಟಿದಾಗಿನಿಂದ ನಂಬಿಕೊಂಡು ಬಂದ ನಿಯಮವನ್ನು ಬಿಟ್ಟುಕೊಡಬೇಕಾಗುತ್ತದೆ. ಒಂದನೇ ತರಗತಿಯ ಮಕ್ಕಳು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದು ಇದರಿಂದಲೇ, ಅದು ದಡ್ಡತನವಲ್ಲ.

ಮುಂದೆ ವರ್ಷಗಟ್ಟಲೆ ಓದಿದ ಮೇಲೆ ಮೆದುಳಿನ ಎಡಭಾಗದಲ್ಲಿ, ಹಿಂದುಗಡೆ ತಳದಲ್ಲಿರುವ ಒಂದು ಚಿಕ್ಕ ಜಾಗ ಬರಹವನ್ನು ಗುರುತಿಸುವುದರಲ್ಲಿ ಪಳಗುತ್ತದೆ. ಫ್ರಾನ್ಸಿನ ಸ್ಟಾನಿಸ್ಲಾಸ್ ಡೆಹೆನ್ ಮತ್ತು ಲಾರೆಂಟ್ ಕೋಹೆನ್ ಇದನ್ನು ವಿವರವಾಗಿ ಅಭ್ಯಾಸ ಮಾಡಿದ್ದಾರೆ. ಪರಿಚಿತ ಪದದ ಅಕ್ಷರಗಳನ್ನು ಈ ಜಾಗ ಒಂದೇ ಏಟಿಗೆ ಹಿಡಿದುಬಿಡುತ್ತದೆ. ಪುಟ ಸ್ವಲ್ಪ ಓರೆಯಾದರೂ ಅದಕ್ಕೆ ತೊಂದರೆಯಿಲ್ಲ. ಓರೆ ಸುಮಾರು 45 ಡಿಗ್ರಿ ದಾಟಿದರೆ ಓದು ಕುಂಟತೊಡಗುತ್ತದೆ. ಆಗ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಬೇಕು. ಪದ ಉದ್ದವಾದಷ್ಟೂ ಹೊತ್ತು ಹೆಚ್ಚು. ನೀವು ತಿಣುಕುವಾಗ ಆಗುತ್ತಿರುವುದು ಇದೇ: ಮತ್ತೆ ಒಂದನೇ ತರಗತಿಯ ಓದು. ಮುಖಗಳಲ್ಲೂ ಇಂಥದೇ ತೊಡಕಿದೆ. ತಲೆಕೆಳಗಾದ ಫೋಟೊದಲ್ಲಿ ಮುಖ ಗುರುತಿಸುವುದು ಬೇರೆ ವಸ್ತುಗಳನ್ನು ಗುರುತಿಸುವುದಕ್ಕಿಂತ ಬಹಳ ಕಷ್ಟವೆಂದು ರಾಬರ್ಟ್ ಯಿನ್ 1969ರಲ್ಲೇ ತೋರಿಸಿದ್ದರು. ಕಣ್ಣು ಯಾವುದರಲ್ಲಿ ಹೆಚ್ಚು ನುರಿತಿದೆಯೋ ಅದು ತಿರುಗಿದಾಗಲೇ ಹೆಚ್ಚು ಎಡವುತ್ತದೆ.

ಕನ್ನಡ ಪುಟವನ್ನು ತಿರುಗಿಸಿದರೆ ಪರದಾಟ ಎಲ್ಲಿ ಎಂಬುದು ತಕ್ಷಣ ಕಾಣುತ್ತದೆ. ಸಾಲು ಬಲತುದಿಯಿಂದ ಶುರುವಾಗಿ ಎಡಕ್ಕೆ ಓಡುತ್ತದೆ. ತಲೆಕಟ್ಟು, ಗುಡಿಸು, ಎತ್ವ ಎಲ್ಲ ಬುಡಕ್ಕಿಳಿಯುತ್ತವೆ. ಬಲಗಡೆ ಕೆಳಗೆ ತೂಗುತ್ತಿದ್ದ ಒತ್ತಕ್ಷರ ಎಡಗಡೆ ಮೇಲೇರಿ, ಹಿಂದಿನ ಸಾಲಿಗೆ ಸೇರಿದ್ದೋ ಈ ಸಾಲಿನದೋ ಎಂದು ಕಣ್ಣನ್ನು ಗಲಿಬಿಲಿಗೊಳಿಸುತ್ತದೆ. ದ ಮತ್ತು ಧ, ಪ ಮತ್ತು ಫ ಇವುಗಳ ನಡುವಿನ ವ್ಯತ್ಯಾಸ ಹೊಟ್ಟೆ ಸೀಳುವ ಒಂದು ಗೀಟು ಮಾತ್ರ. ಅದೂ ಈಗ ನೆತ್ತಿಯಲ್ಲಿ. ಇಷ್ಟನ್ನೂ ನಿಮ್ಮ ಮೊಮ್ಮಗಳು ಚಹಾ ಕುಡಿಯುತ್ತ ಸಂಭಾಳಿಸುತ್ತಾಳೆ ಎಂದರೆ, ಆ ಕುರ್ಚಿಯಲ್ಲಿ ಬಹಳ ದಿನದಿಂದ ಕೂತಿದ್ದಾಳೆ ಎಂದು ತಿಳಿಯಿರಿ.

ಈ ವಿದ್ಯೆಯನ್ನು ಹೊಟ್ಟೆಪಾಡಿಗೆ ಕಲಿತವರು ಹಳೆಯ ಅಚ್ಚುಕೂಟಗಳ ಕಂಪೋಸಿಟರುಗಳು. ಸೀಸದ ಮೊಳೆಯ ಮೇಲೆ ಅಕ್ಷರ ಕನ್ನಡಿಯ ಬಿಂಬದಂತೆ ಎಡಬಲವಾಗಿರುತ್ತದೆ. ಹಾಗಿದ್ದರೇ ಕಾಗದದ ಮೇಲೆ ನೆಟ್ಟಗೆ ಮೂಡುತ್ತದೆ. ಅಂಥ ಮೊಳೆಗಳನ್ನು ಕೈಯಲ್ಲಿನ ಸ್ಟಿಕ್ ಎಂಬ ಚಿಕ್ಕ ಚೌಕಟ್ಟಿನೊಳಗೆ ತಲೆಕೆಳಗಾಗಿ ಜೋಡಿಸುತ್ತಿದ್ದರು. ಎಡಬಲವಾದದ್ದನ್ನು ತಲೆಕೆಳಗು ಮಾಡಿದರೆ ಸಾಲು ಎಡದಿಂದ ಬಲಕ್ಕೇ ಬರುತ್ತದೆ, ಅಕ್ಷರಗಳ ಮೇಲುಕೆಳಗು ಮಾತ್ರ ಅದಲುಬದಲಾಗುತ್ತದೆ. ಕಂಪೋಸಿಟರುಗಳು ಅದನ್ನು ಹಾಗೆಯೇ ಓದಿ ತಪ್ಪು ತಿದ್ದುತ್ತಿದ್ದರು. ಕಾಗುಣಿತ ಮತ್ತು ಒತ್ತುಗಳಿಂದಾಗಿ ಕನ್ನಡದ ಕೇಸಿನಲ್ಲಿ, ಅಂದರೆ ಮೊಳೆ ಇಡುವ ಪೆಟ್ಟಿಗೆಯಲ್ಲಿ, ಖಾನೆಗಳು ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು. ಆ ಕೆಲಸಕ್ಕೆ ಸೇರಿದವರಾರೂ ಈ ಓದನ್ನು ಹುಟ್ಟುತ್ತಲೇ ಪಡೆದು ಬಂದಿರಲಿಲ್ಲ. ಕೇಸಿನ ಮುಂದೆ ನಿಂತು ನಿಂತೇ ಕಲಿತರು.

ಪ್ರಯೋಗಶಾಲೆಯ ಸಾಕ್ಷ್ಯವೂ ಇದೆ. ಟೊರೊಂಟೊ ವಿಶ್ವವಿದ್ಯಾಲಯದ ಪಾಲ್ ಕೋಲರ್ಸ್ ಕಾಲೇಜು ವಿದ್ಯಾರ್ಥಿಗಳಿಗೆ ತಲೆಕೆಳಗು ಮಾಡಿದ ಇಂಗ್ಲಿಷ್ ಪುಟಗಳನ್ನು ಒಂದರ ಹಿಂದೊಂದರಂತೆ ಓದಿಸಿದರು. ಮೊದಮೊದಲು ಒಂದೊಂದು ಪುಟಕ್ಕೂ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಪುಟಗಳು ಉರುಳಿದಂತೆ ವೇಗ ಹಲವು ಪಟ್ಟು ಏರಿತು. ವರ್ಷಕ್ಕೂ ಮಿಕ್ಕಿ ಕಳೆದ ಮೇಲೆ ಅವರನ್ನೇ ಮತ್ತೆ ಕರೆಸಿದಾಗ ಕಲಿತದ್ದು ಬಹುಪಾಲು ಹಾಗೆಯೇ ಉಳಿದಿತ್ತು. ಇನ್ನೂ ಸೋಜಿಗವೆಂದರೆ, ಹಿಂದೆ ಓದಿದ್ದ ಪುಟಗಳನ್ನು ಹೊಸ ಪುಟಗಳಿಗಿಂತ ತುಸು ಬೇಗ ಓದಿದರು. ಈ ಫಲಿತಾಂಶ 1976ರಲ್ಲಿ ಪ್ರಕಟವಾಯಿತು.

ನೀವೂ ಶುರುಮಾಡಬಹುದು. ಮೊದಲು ನೆಟ್ಟಗೆ ಓದಿ ಮುಗಿಸಿದ ಸುದ್ದಿಯನ್ನೇ ತಿರುಗಿಸಿಕೊಳ್ಳಿ. ವಿಷಯ ಗೊತ್ತಿದ್ದರೆ ಪದವನ್ನು ಊಹಿಸುವುದು ಸುಲಭ. ದಪ್ಪಕ್ಷರದ ತಲೆಬರಹ ಸಲೀಸಾದ ಮೇಲೆ ಸಣ್ಣಕ್ಷರಕ್ಕೆ ಹೋಗಿ. ಕತ್ತು ಓರೆ ಮಾಡಬೇಡಿ, ಕಣ್ಣು ಬಲದಿಂದ ಎಡಕ್ಕೆ ಸರಿಯಲಿ, ಬೇಕಾದರೆ ಬೆರಳಿಡಿ. ದಿನಕ್ಕೆ ಐದು ಹತ್ತು ನಿಮಿಷ ಸಾಕು. ಪದೇ ಪದೇ ಬರುವ ‘ಮತ್ತು’, ‘ಎಂದು’, ‘ಅವರು’ ಮೊದಲು ಪಳಗುತ್ತವೆ. ಉಳಿದವು ಅವುಗಳ ಹಿಂದೆ ಬರುತ್ತವೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ಮೇಷ್ಟ್ರು, ಗುಮಾಸ್ತರು, ಮೇಜಿನಾಚೆಯ ಕಡತದ ಮೇಲೆ ಕಣ್ಣಾಡಿಸುವ ವರದಿಗಾರರು, ಹೀಗೆ ಎದುರು ಕೂತು ಕೆಲಸ ಮಾಡುವ ಯಾರಿಗೆ ಬೇಕಾದರೂ ಈ ಅಭ್ಯಾಸ ಆಗಿರಬಹುದು. ಗುಟ್ಟಿನ ಕಾಗದ ಅವರ ಕಡೆಗೆ ತಲೆಕೆಳಗಾಗಿದೆ ಎಂದು ಧೈರ್ಯ ಮಾಡಬೇಡಿ, ಬೋರಲು ಹಾಕಿ.