ಬಾಟಲಿ ತಂದವರೇ ಪ್ರಶ್ನೆಯನ್ನೂ ತಂದರು

ಪಾವಗಡ, ಶಿರಾ, ಮಧುಗಿರಿ, ಚಳ್ಳಕೆರೆ ಸೀಮೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಅಲ್ಲಿಯವರ ಹಲ್ಲು ನೋಡಿದವರಿಗೆಲ್ಲ ಗೊತ್ತು. ಎಷ್ಟಿದೆ, ಎಲ್ಲೆಲ್ಲಿದೆ, ಯಾವ ಕಾಲದಲ್ಲಿ ಏರುತ್ತದೆ ಎಂದು ಅಳೆಯುವ ಕೆಲಸ ನಮ್ಮ ರಸಾಯನಶಾಸ್ತ್ರ ವಿಭಾಗದಲ್ಲಿ ಬಹುಕಾಲದಿಂದ ನಡೆದಿತ್ತು. ಮೇಲಿನ ಮಹಡಿಯ ಭೂವಿಜ್ಞಾನದವರೂ ಅದನ್ನೇ ಮಾಡುತ್ತಿದ್ದರು, ಎದುರು ಕಟ್ಟಡದ ಪರಿಸರ ವಿಜ್ಞಾನದವರೂ. ಮೂರೂ ವಿಭಾಗದವರು ಬೇರೆ ಬೇರೆ ಬಾಡಿಗೆ ಜೀಪಿನಲ್ಲಿ ಅದೇ ಊರುಗಳಿಗೆ ಹೋಗಿ, ಅದೇ ರಸ್ತೆಬದಿಯ ಕೊಳವೆಬಾವಿಯಿಂದ ನೀರು ತುಂಬಿಸಿಕೊಂಡು ಬರುವುದು; ಬಳಿಕ ಚಿನ್ನದಕ್ಷರದ ರಟ್ಟು ಹಾಕಿದ ವರದಿ ಆಯಾ ವಿಭಾಗದ ಬೀರು ಸೇರುವುದು. ದುಡ್ಡಿಲ್ಲದೆ ಸಂಶೋಧನೆ ಕುಂಟುತ್ತಿದೆ ಎಂದು ಸೆಮಿನಾರುಗಳಲ್ಲಿ ಹೇಳುತ್ತೇವೆ. ಕೊರತೆ ಸುಳ್ಳಲ್ಲ. ಆದರೆ ಇದ್ದ ದುಡ್ಡೂ ಡೀಸೆಲ್ಲಿಗೆ ಹೋಗುತ್ತಿತ್ತು.

ಅದಕ್ಕಿಂತ ದೊಡ್ಡ ತೊಡಕು ಕಾಲದ್ದು. ಒಬ್ಬ ಪಿಎಚ್.ಡಿ. ವಿದ್ಯಾರ್ಥಿ ತಾಲ್ಲೂಕು ಸುತ್ತಿ ಮುಗಿಸುವ ಹೊತ್ತಿಗೆ ಮೊದಲ ಊರಿನ ನೀರು ಮಾರ್ಚಿನದಾಗಿದ್ದರೆ, ಕೊನೆಯ ಊರಿನದು ಮಳೆ ಬಿದ್ದ ಮೇಲಿನದು. ಅಂತರ್ಜಲಕ್ಕೆ ಹೊಸ ನೀರು ಸೇರಿದಾಗ ಫ್ಲೋರೈಡ್ ಪ್ರಮಾಣವೂ ಏರುಪೇರಾಗುತ್ತದೆ. ಹೀಗೆ ಬರೆದ ನಕ್ಷೆಯಲ್ಲಿ ಕಾಣುವುದು ಊರುಗಳ ವ್ಯತ್ಯಾಸವೋ, ತಿಂಗಳುಗಳ ವ್ಯತ್ಯಾಸವೋ ಹೇಳಲಾಗದು. ಎಲ್ಲ ಊರಿನ ನೀರೂ ಒಂದೇ ವಾರದೊಳಗೆ ಬರಬೇಕು.

ಎಂ.ಎಸ್ಸಿ. ತರಗತಿಯಲ್ಲಿ ಕೂತವರಲ್ಲಿ ಅನೇಕರು ಆ ಊರುಗಳ ಮಕ್ಕಳೇ. ಯುಗಾದಿಗೆ ಊರಿಗೆ ಹೊರಟವರ ಬ್ಯಾಗಿಗೆ ತೊಳೆದ ಪಾಲಿಥೀನ್ ಬಾಟಲಿಗಳನ್ನು ಹಾಕಿ ಕಳಿಸಿದೆವು. (ಗಾಜಿನದು ಆಗದು, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ.) ಪಂಪು ಕೆಲ ನಿಮಿಷ ಓಡಿದ ಮೇಲೆ ನೀರು ಹಿಡಿಯಿರಿ, ಅದೇ ನೀರಿನಲ್ಲಿ ಬಾಟಲಿಯನ್ನು ಮೊದಲು ಗಲಬರಿಸಿ ಚೆಲ್ಲಿ ಎಂದು ಹೇಳಿಕೊಟ್ಟಿದ್ದೆವು, ಅಷ್ಟೆ. ಅವರು ತಂದದ್ದು ಹೆಚ್ಚಿನದು. ಬೋರಿನ ಆಳವೆಷ್ಟು, ಯಾವ ವರ್ಷ ಕೊರೆಸಿದ್ದು, ಯಾವ ಬೀದಿಗೆ ನೀರು ಹೋಗುತ್ತದೆ ಎಂಬುದೆಲ್ಲ ನೀರುಗಂಟಿಯನ್ನು ‘ಮಾವ’ ಎಂದು ಕರೆಯುವ ಹುಡುಗಿಗೆ ಕೇಳಿದೊಡನೆ ಸಿಕ್ಕಿತ್ತು. ನಮ್ಮ ಜೀಪು ಕಂಡರೆ ಅದೇ ನೀರುಗಂಟಿ “ಪಂಚಾಯ್ತಿಲಿ ಕೇಳಿ” ಎನ್ನುತ್ತಿದ್ದ.

ಅವಳೇ ಇನ್ನೊಂದು ಮಾತು ಕೇಳಿದಳು: “ಮೇಡಂ, ಈ ನೀರನ್ನ ನಮ್ಮೂರಲ್ಲಿ ಯಾರೂ ಕುಡಿಯಲ್ಲ. ಕುಡಿಯೋಕೆ ಫಿಲ್ಟರ್ ನೀರು ತರ್ತೀವಿ. ಆದ್ರೆ ಮುದ್ದೆ, ಸಾರು ಎಲ್ಲ ಬೋರ್ ನೀರಲ್ಲೇ. ನಾವು ಯಾವ ನೀರು ಅಳೀಬೇಕು?”

ಈ ಪ್ರಶ್ನೆ ಜೀಪಿನಲ್ಲಿ ಹೋಗಿ ಬರುವವರಿಗೆ ಹುಟ್ಟುವಂಥದಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಬೋರಿನ ರೀಡಿಂಗನ್ನು ಈ ಅಂಕಿಯ ಪಕ್ಕದಲ್ಲಿಟ್ಟು ಜನ ಎಷ್ಟು ಫ್ಲೋರೈಡ್ ಕುಡಿಯುತ್ತಾರೆಂದು ಲೆಕ್ಕ ಹಾಕುವುದು ರೂಢಿ. ಕುಡಿಯುವ ನೀರು ಶುದ್ಧೀಕರಣ ಘಟಕದ್ದಾದರೆ ಆ ಲೆಕ್ಕ ನಿಲ್ಲದು. ಫ್ಲೋರೈಡೇ ಹೊಟ್ಟೆಗೆ ಹೋಗುತ್ತಿಲ್ಲ ಎನ್ನುವಂತೆಯೂ ಇಲ್ಲ: ಕುದಿಸಿದರೆ ಅದು ಆವಿಯಾಗದು, ನೀರು ಬತ್ತಿದಷ್ಟೂ ಗಾಢವಾಗುತ್ತದೆ. ಮುದ್ದೆಯ ಎಸರು, ಬೇಳೆ ಬೆಂದ ಕಟ್ಟು, ದಿನಕ್ಕೆ ಹಲವು ಸಲ ಟೀ (ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇದೆ), ಇವೆಲ್ಲ ಲೆಕ್ಕದ ಹೊರಗುಳಿದಿದ್ದವು. ಘಟಕ ಕೆಟ್ಟು ನಿಂತ ವಾರಗಳು ಬೇರೆ. ಮುಂದಿನ ಸುತ್ತಿಗೆ ಪ್ರತಿ ಊರಿನಿಂದ ಬೋರಿನದು, ಘಟಕದ್ದು, ಅಡುಗೆಮನೆಯ ಬಿಂದಿಗೆಯದು ಎಂದು ಮೂರು ಬಗೆಯ ಬಾಟಲಿಗಳು ಬಂದವು.

“ಹುಡುಗರ ಕೈಗೆ ಕೊಟ್ಟರೆ ಡೇಟಾ ಕೆಡುತ್ತೆ” ಎಂದ ಸಹೋದ್ಯೋಗಿಯೊಬ್ಬರ ಅನುಮಾನ ನ್ಯಾಯವಾದದ್ದೇ. ಅದಕ್ಕಾಗಿ ಪ್ರತಿ ಹತ್ತರಲ್ಲಿ ಒಂದು ಮಾದರಿಯನ್ನು ಎರಡು ಬಾಟಲಿಗೆ ಹಂಚಿ, ಅಳೆಯುವವರಿಗೆ ತಿಳಿಯದಂತೆ ಬೇರೆ ನಂಬರು ಹಾಕಿಸಿದೆ; ಎರಡೂ ರೀಡಿಂಗ್ ಹೊಂದಬೇಕು. ಫ್ಲೋರೈಡ್ ಎಲೆಕ್ಟ್ರೋಡು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಂದ್ರತೆ ಹತ್ತು ಪಟ್ಟು ಬದಲಾದರೆ ಸುಮಾರು 59 ಮಿಲಿವೋಲ್ಟ್ ವ್ಯತ್ಯಾಸ ತೋರಿಸಬೇಕು. ತೋರಿಸದ ದಿನ ಯಾರ ಮಾದರಿಯನ್ನೂ ಅಳೆಯುವಂತಿಲ್ಲ. ಈ ನಿಯಮವನ್ನು ವಿದ್ಯಾರ್ಥಿಗಳು ನನ್ನ ಅವಸರದ ಎದುರೂ ಪಾಲಿಸಿದರು. ನಿಜವಾಗಿ ಕಾಡಿದ್ದು ಊರಿನ ಹೆಸರು. ಹೊಸಹಳ್ಳಿ ಇಲ್ಲದ ಹೋಬಳಿ ಯಾವುದು? ಗೊಲ್ಲರಹಟ್ಟಿಗಳಿಗಂತೂ ಲೆಕ್ಕವೇ ಇಲ್ಲ. ಹೋಬಳಿಯ ಹೆಸರು, ಮೊಬೈಲಿನ ಲೊಕೇಶನ್ ಇಲ್ಲದ ಬಾಟಲಿಯನ್ನು ಒಳಗೆ ಬಿಡಬಾರದೆಂದು ತೀರ್ಮಾನವಾಯಿತು.

ಒಂದೇ ಪಟ್ಟಿ ಸಿದ್ಧವಾದ ಮೇಲೆ ಬೇರೆ ವಿಭಾಗದವರು ಬರಲು ಕಾರಣ ಸಿಕ್ಕಿತು. ಗ್ರಾನೈಟ್, ನೈಸ್ ಶಿಲೆಗಳ ಈ ನೆಲದಲ್ಲಿ ನೀರಿನ ಕ್ಯಾಲ್ಸಿಯಂ ಕಡಿಮೆಯಾದಲ್ಲೇ ಫ್ಲೋರೈಡ್ ಏಕೆ ಹೆಚ್ಚುತ್ತದೆಂದು ಭೂವಿಜ್ಞಾನದವರು ನಮ್ಮ ಅಂಕಿಗಳಲ್ಲೇ ತೋರಿಸಿದರು: ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡನ್ನು ಫ್ಲೋರೈಟ್ ಆಗಿ ಕಟ್ಟಿಹಾಕುತ್ತದೆ. ದಂತವೈದ್ಯ ಕಾಲೇಜಿನ ಇಂಟರ್ನ್‌ಗಳು ಹಲ್ಲಿನ ಕಲೆಯನ್ನು ಡೀನ್ ಸೂಚ್ಯಂಕದಲ್ಲಿ ದಾಖಲಿಸಿದರು. ಕಲೆ ಬೀಳುವುದು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ. ಹಾಗಾಗಿ ನನ್ನ ವಿದ್ಯಾರ್ಥಿಗಳ ಹಲ್ಲು ಹೇಳುವುದು ಅವರು ಚಿಕ್ಕವರಿದ್ದಾಗ ಕುಡಿದ ನೀರಿನ ಕಥೆ.

ಇದು ಹೊಸ ದಾರಿಯೇನಲ್ಲ. 1990ರ ದಶಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಪದವಿ ಕಾಲೇಜುಗಳ ಅಧ್ಯಾಪಕರು, ವಿದ್ಯಾರ್ಥಿಗಳನ್ನು ಜೊತೆಗೂಡಿಸಿ ಪಶ್ಚಿಮಘಟ್ಟದ ಜೀವವೈವಿಧ್ಯ ದಾಖಲಿಸುವ ಜಾಲ ನಡೆಸಿದ್ದರು. ಆದರೂ ನಮ್ಮಲ್ಲಿ ‘ವಿದ್ಯಾರ್ಥಿಗಳ ಸಹಭಾಗಿತ್ವ’ ಎಂದರೆ ಬಹಳ ಕಡೆ ಬಿಟ್ಟಿ ಚಾಕರಿ, ಕೊನೆಗೊಂದು ಗ್ರೂಪ್ ಫೋಟೊ. ಹಾಗಾಗಬಾರದೆಂದರೆ ಹೆಸರಿನ ಮಾತನ್ನು ಮೊದಲ ದಿನವೇ ಆಡಿಬಿಡಬೇಕು. ನೀರು ತಂದವರಿಗೆ ಕೃತಜ್ಞತೆಯ ಸಾಲು. ಪ್ರಶ್ನೆ ರೂಪಿಸಿ, ವಿಶ್ಲೇಷಿಸಿ, ಬರೆದವರು ಲೇಖಕರು. ಅಡುಗೆಮನೆಯ ಪ್ರಶ್ನೆ ಕೇಳಿ, ಅದರ ಅಂಕಿಗಳನ್ನೂ ಕೂಡಿಸಿ ಬರೆದ ಹುಡುಗಿಯ ಹೆಸರು ಲೇಖನದಲ್ಲಿ ನನ್ನದಕ್ಕಿಂತ ಮೊದಲಿದೆ.

ಪರೀಕ್ಷಾ ನಿಯಮದಲ್ಲಿ ಜಂಟಿ ವರದಿಗೆ ಅಂಕವಿಲ್ಲ. ಒಬ್ಬರು ಋತುಮಾನ, ಒಬ್ಬರು ಘಟಕ, ಒಬ್ಬರು ಅಡುಗೆ ನೀರು ಎಂದು ಬೇರೆ ಬೇರೆ ಬರೆದು, ಒಂದೇ ಪಟ್ಟಿಯನ್ನು ಎಲ್ಲರೂ ಅನುಬಂಧಕ್ಕೆ ಹಾಕುತ್ತಾರೆ. “ಇದರಲ್ಲಿ ನಿನ್ನದೆಷ್ಟು?” ಎಂದು ವೈವಾದಲ್ಲಿ ಕೇಳಿದರೆ ಪ್ರತಿ ಸಾಲಿನ ಕೊನೆಯಲ್ಲಿರುವ ಇನಿಷಿಯಲ್ ತೋರಿಸುತ್ತಾರೆ. ಬತ್ತಿದ ಬೋರಿನ ಪಕ್ಕದಲ್ಲೇ ಇನ್ನಷ್ಟು ಆಳಕ್ಕೆ ಕೊರೆಸಿದ ಹೊಸ ಬೋರಿಗೆ ಹಳೆಯ ನಂಬರೇ ಇರಲಿ ಎಂದು ನಮ್ಮ ಹುಡುಗರು, ಆಳ ಬೇರೆಯಾದರೆ ನೀರೂ ಬೇರೆ ಎಂದು ಭೂವಿಜ್ಞಾನದವರು ಈ ವರ್ಷ ಜಗಳವಾಡುತ್ತಿದ್ದಾರೆ. ಸದ್ಯಕ್ಕೆ ಹಳೆಯ ನಂಬರಿನ ಮುಂದೆ ‘ಎ’ ಎಂದು ಬರೆದುಕೊಂಡಿದ್ದೇವೆ.