ಬರೆಯದಿದ್ದರೂ ಸರಿ, ಕವಿಯನ್ನು ಹುಡುಕು

ಮಗಳೇ,

"ಇನ್ನೂ ಎಷ್ಟು ದಿನ ಅಂತ ಬೇರೆಯವರು ಬರೆದದ್ದನ್ನೇ ಹಾಡ್ತೀಯ? ಸ್ವಂತದ್ದು ಅಂತ ಒಂದಾದರೂ ಬೇಡವಾ?" ಎಂದು ನಿನ್ನ ಗೆಳೆಯರು ಕೇಳಿದರಂತೆ. ಅಂದಿನಿಂದ ನೀನು ರಿಯಾಜು ಬಿಟ್ಟು ಪೆನ್ನು ಹಿಡಿದು ಕೂತಿದ್ದೀಯೆಂದು ನಿನ್ನಮ್ಮ ಹೇಳಿದಳು. ಬರೆಯುವ ಆಸೆಯಿದ್ದರೆ ಧಾರಾಳವಾಗಿ ಬರಿ. ಬರೆಯದಿದ್ದರೆ ತಾನು ಗಾಯಕಿಯೇ ಅಲ್ಲವೇನೋ ಎಂಬ ಅಳುಕಿನಿಂದ ಮಾತ್ರ ಬರೆಯಬೇಡ. ನಿನ್ನ ವಯಸ್ಸಿನ ಹುಡುಗ ಹುಡುಗಿಯರು ಎಷ್ಟೋ ಮಂದಿ ಇದೇ ಅಳುಕಿನಲ್ಲಿದ್ದಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಡುವವರು ತಾವೇ ಬರೆಯಬೇಕು ಎಂಬ ಮಾತು ಎಲ್ಲಿಂದ ಬಂತು ಎಂಬುದು ಗೊತ್ತಿರಲಿ. ಪಶ್ಚಿಮದಲ್ಲಿ 1960ರ ದಶಕದಲ್ಲಿ ಬಾಬ್ ಡಿಲನ್, ಬೀಟಲ್ಸ್ ಇವರೆಲ್ಲ ತಮ್ಮ ಹಾಡನ್ನು ತಾವೇ ಬರೆದು ಹಾಡಿ ಗೆದ್ದರು. ಡಿಲನ್‌ಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿಯೂ ಬಂತು. ಅಲ್ಲಿಂದಾಚೆಗೆ ಗಿಟಾರು ಹಿಡಿದವರೆಲ್ಲ ಬರೆಯಲೇಬೇಕು ಎಂಬುದು ಒಂದು ನೇಮವಾಗಿ ಹೋಯಿತು. ರ‍್ಯಾಪ್‌ನಲ್ಲಿ ಆ ನೇಮಕ್ಕೆ ಅರ್ಥವಿದೆ. ತನ್ನ ಬೀದಿ, ತನ್ನ ಮನೆ, ತನ್ನ ಸಿಟ್ಟು ಎಂದು ಹೇಳಿಕೊಳ್ಳುವವನ ಹಿಂದೆ ಬರೆದುಕೊಡುವವನು ಬೇರೊಬ್ಬನಿದ್ದರೆ ಕೇಳುವವರಿಗೆ ಮೋಸವೇ ಸರಿ. ನೀನು ಕಲಿತದ್ದು ಸುಗಮ ಸಂಗೀತ. ಅದು ಬೇರೆ ಮನೆತನ, ಅದರ ರೀತಿ ರಿವಾಜು ಬೇರೆ.

ಪಿ. ಕಾಳಿಂಗರಾಯರನ್ನೇ ನೋಡು. ಕುವೆಂಪು, ಬೇಂದ್ರೆ, ರಾಜರತ್ನಂ ಪುಸ್ತಕದಲ್ಲಿ ಬರೆದಿಟ್ಟದ್ದನ್ನು ಊರೂರಿಗೆ ಹೊತ್ತು ತಿರುಗಿದವರು ಅವರು. ಪುಸ್ತಕವನ್ನೇ ಮುಟ್ಟದವರ ಬಾಯಲ್ಲೂ ಆ ಪದ್ಯಗಳು ನಿಂತವು. ಮೈಸೂರು ಅನಂತಸ್ವಾಮಿ ಎಂದ ಕೂಡಲೇ ನಾಡಗೀತೆ ನೆನಪಾಗುತ್ತದೆ. ಪದ್ಯ ಕುವೆಂಪು ಅವರದು. 2004ರಲ್ಲಿ ಸರ್ಕಾರ ಅದನ್ನು ನಾಡಗೀತೆ ಎಂದು ಘೋಷಿಸಿದ ಮೇಲೆ ಯಾವ ಧಾಟಿಯಲ್ಲಿ ಹಾಡಬೇಕೆಂಬ ಜಗ್ಗಾಟ ವರ್ಷಗಟ್ಟಲೆ ನಡೆಯಿತು. ಕಡೆಗೆ 2022ರಲ್ಲಿ ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷದೊಳಗೆ ಹಾಡಬೇಕೆಂದು ಆದೇಶವಾಯಿತು. ಆ ಪದ್ಯದಲ್ಲಿ ಅವರು ಬರೆದದ್ದು ಒಂದಕ್ಷರವೂ ಇಲ್ಲ. ಆದರೂ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಮಕ್ಕಳು ಕೈಕಟ್ಟಿ ನಿಂತು ಹಾಡುವಾಗ ಅಲ್ಲಿ ಕುವೆಂಪು ಎಷ್ಟು ಇದ್ದಾರೋ ಅನಂತಸ್ವಾಮಿಯೂ ಅಷ್ಟೇ ಇದ್ದಾರೆ.

ಗಮಕ ಎಂಬ ಕಲೆಯಂತೂ ನಿಂತಿರುವುದೇ ಬೇರೆಯವರ ಕಾವ್ಯದ ಮೇಲೆ. ಗಮಕಿ ಕುಮಾರವ್ಯಾಸನನ್ನು ಓದುತ್ತಾರೆ, ಲಕ್ಷ್ಮೀಶನನ್ನು ಓದುತ್ತಾರೆ. ತಮ್ಮದೊಂದು ಷಟ್ಪದಿಯನ್ನು ನಡುವೆ ತೂರಿಸುವುದಿಲ್ಲ. ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಇದೇ ಗಮಕಕ್ಕೆ. ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡಿದರು, ಭೀಮಸೇನ ಜೋಶಿಯವರು ದಾಸವಾಣಿ ಹಾಡಿದರು. ಹನ್ನೆರಡನೇ ಶತಮಾನದ ಮಾತನ್ನು ಹಾಡುತ್ತಿದ್ದೀರಲ್ಲ, ನಿಮ್ಮದೆಂಬುದು ಏನಿದೆ ಎಂದು ಮನ್ಸೂರರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಗುತ್ತಿದ್ದರೇನೋ.

ಹಾಗೆಂದು ಬರೆದು ಹಾಡುವವರು ನಮ್ಮಲ್ಲಿ ಇಲ್ಲದಿಲ್ಲ. ದಾಸರೆಲ್ಲ ಆ ಪರಂಪರೆಯವರೇ. ಯಕ್ಷಗಾನದಲ್ಲಿ ಗುಂಡ್ಮಿ ಕಾಳಿಂಗ ನಾವಡರು ಭಾಗವತರೂ ಹೌದು, ಪ್ರಸಂಗಕರ್ತರೂ ಹೌದು. 'ನಾಗಶ್ರೀ', 'ಚೆಲುವೆ ಚಿತ್ರಾವತಿ' ಬರೆದು ತಾವೇ ಹಾಡಿ, 1990ರಲ್ಲಿ ಮೂವತ್ತು ದಾಟಿದ ಹೊಸತರಲ್ಲೇ ಹೋಗಿಬಿಟ್ಟರು. ಚಂದ್ರಶೇಖರ ಕಂಬಾರರು ತಮ್ಮ ಪದವನ್ನು ತಾವೇ ಎತ್ತಿ ಹಾಡಿದರೆ ಸಭೆ ಅಲುಗಾಡುವುದಿಲ್ಲ. ಆದರೆ ಅದೇ ಕಂಬಾರರು 'ಕಾಡು ಕುದುರೆ' ಸಿನಿಮಾ ನಿರ್ದೇಶಿಸಿದಾಗ ತಾವು ಬರೆದ ಶೀರ್ಷಿಕೆ ಹಾಡನ್ನು ಶಿವಮೊಗ್ಗ ಸುಬ್ಬಣ್ಣನವರ ಕೈಲಿ ಹಾಡಿಸಿದರು. 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಆ ದನಿಗೆ ಬಂತು. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಸುಬ್ಬಣ್ಣ. ಹಾಡಬಲ್ಲ ಕವಿಯೇ ಇನ್ನೊಬ್ಬರ ಕಂಠವನ್ನು ಹುಡುಕಿಕೊಂಡು ಹೋದರು ಎಂಬುದನ್ನು ಗಮನಿಸು. ಹಂಸಲೇಖ 'ಪ್ರೇಮಲೋಕ'ದ ಹಾಡುಗಳನ್ನು ಬರೆದು, ರಾಗ ಹಾಕಿ, ಹಾಡುವ ಕೆಲಸವನ್ನು ಹಾಡುವವರಿಗೇ ಬಿಟ್ಟರು. ಪಿ. ಬಿ. ಶ್ರೀನಿವಾಸ್ ಹಲವು ಭಾಷೆಗಳಲ್ಲಿ ಕವಿತೆ ಬರೆದವರು. ಮೈಕಿನ ಮುಂದೆ ನಿಂತಾಗ ಚಿ. ಉದಯಶಂಕರ್ ಬರೆದದ್ದನ್ನು ತಮ್ಮದೇ ಎಂಬಂತೆ ಹಾಡಿದರು.

ಶಾಸ್ತ್ರದವರೂ ಬರೆಯುವುದು, ಹಾಡುವುದು ಈ ಎರಡನ್ನು ಬೇರೆ ಬೇರೆಯಾಗಿಯೇ ಕಂಡಿದ್ದಾರೆ. ಹದಿಮೂರನೇ ಶತಮಾನದ ಶಾರ್ಙ್ಗದೇವ 'ಸಂಗೀತ ರತ್ನಾಕರ'ದಲ್ಲಿ ಮಾತು (ಸಾಹಿತ್ಯ), ಧಾತು (ಸ್ವರರಚನೆ) ಎರಡನ್ನೂ ಕಟ್ಟುವ ವಾಗ್ಗೇಯಕಾರನ ಲಕ್ಷಣ ಹೇಳಿದ ಮೇಲೆ, ಗಾಯಕನ ಲಕ್ಷಣವನ್ನು ಪ್ರತ್ಯೇಕವಾಗಿ ಹೇಳುತ್ತಾನೆ. ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವಕ ಎಂದು ಗಾಯಕರಲ್ಲಿ ಐದು ಬಗೆ. ಆ ಐದರಲ್ಲಿ ಯಾವುದಕ್ಕೂ ಸ್ವಂತ ಸಾಹಿತ್ಯ ಬೇಕೆಂಬ ಷರತ್ತಿಲ್ಲ.

ಇಷ್ಟು ಹೇಳಿದೆನೆಂದು ನಿರಾಳವಾಗಬೇಡ. ಬರೆಯದವಳಿಗೆ ಕೆಲಸ ಕಡಿಮೆಯೇನಲ್ಲ. ಬೇರೆಯವರ ಮಾತನ್ನು ನಿನ್ನದಾಗಿಸಿಕೊಳ್ಳುವುದು ಸುಲಭದ ಬಾಬತ್ತಲ್ಲ, ಅಲ್ಲಿಯೇ ನಿಮ್ಮ ತಲೆಮಾರು ಸೋಮಾರಿಯಾಗಿದೆ ಎಂಬುದು ನನ್ನ ತಕರಾರು. ಮೊಬೈಲಿನಲ್ಲಿ ಲಿರಿಕ್ಸ್ ತೆಗೆದು, ಕರೋಕೆ ಟ್ರ್ಯಾಕ್ ಹಾಕಿ, ಮೂಲ ಗಾಯಕರ ಗಮಕ ಬಿರ್ಕಾಗಳನ್ನು ನಕಲು ಹೊಡೆದರೆ ಹಾಡು ಕಲಿತಂತೆ ಆಗುವುದಿಲ್ಲ. ಜಾಲದಲ್ಲಿ ಸಿಗುವ ಸಾಹಿತ್ಯದಲ್ಲಿ ತಪ್ಪುಗಳು ತುಂಬಿರುತ್ತವೆ. ಕವಿಯ ಸಂಕಲನವನ್ನೇ ತೆರೆ. ಪದ್ಯವನ್ನು ನಿನ್ನ ಕೈಯಲ್ಲಿ ನೋಟ್‌ಬುಕ್ಕಿಗೆ ಬರೆದುಕೋ, ಹಾಡದೆ ಬಿಟ್ಟ ಚರಣಗಳನ್ನೂ ಸೇರಿಸಿ. ಆಮೇಲೆ ಶ್ರುತಿ ಪೆಟ್ಟಿಗೆ ಆರಿಸಿ, ಮಾತಾಡುವ ಹಾಗೆ ಒಮ್ಮೆ ಗಟ್ಟಿಯಾಗಿ ಓದು.

ಹಾಗೆ ಓದಿದಾಗ ಉಸಿರು ಎಲ್ಲಿ ನಿಲ್ಲಬೇಕೆಂದು ಪದ್ಯವೇ ಹೇಳುತ್ತದೆ. ನಮ್ಮ ತರಗತಿಗಳಲ್ಲಿ ದಿನವೂ ಕೇಳುವ ತಪ್ಪೊಂದನ್ನು ತೋರಿಸುತ್ತೇನೆ. 'ಮನೆಗೆ ಬಾರದೆ ಹೋದ' ಎಂದು ಒಂದು ಸಾಲಿದೆ ಎಂದಿಟ್ಟುಕೋ. ತಾಳದ ಪೆಟ್ಟು 'ಬಾ' ಮೇಲೆ ಬಿತ್ತು, ಅಲ್ಲೊಂದು ಆಲಾಪ ಎಳೆದು, ಉಸಿರು ತೆಗೆದು, ಮುಂದಿನ ಆವರ್ತದಲ್ಲಿ 'ರದೆ ಹೋದ' ಎಂದೆ. ಕೇಳುವವನಿಗೆ ಮೊದಲು ಬಿದ್ದದ್ದೇನು? 'ಮನೆಗೆ ಬಾ'. ಬಾರದೆ ಹೋದವನ ದುಃಖ ಇರಬೇಕಾದಲ್ಲಿ ಕರೆಯೋಲೆ ಕೇಳಿಸಿತು. ಸಾಹಿತ್ಯವನ್ನು ರಾಗ ನುಂಗಿತು ಎನ್ನುವುದು ಇದಕ್ಕೇ. ಉಚ್ಚಾರವೂ ಅಷ್ಟೇ. ಲಕಾರ ಳಕಾರ ಅದಲು ಬದಲಾದರೆ ಹಾಲು ಹಾಳಾಗುತ್ತದೆ, ಕಲೆ ಕಳೆಯಾಗುತ್ತದೆ. ಅಕಾರ ಹಕಾರ ತಪ್ಪಿದರೆ ಉಳಿ ಹಿಡಿದ ಶಿಲ್ಪಿಯ ಕೈಗೆ ಹುಳಿ ಬರುತ್ತದೆ. ಆಂಧ್ರದಲ್ಲಿ ಹುಟ್ಟಿದ ಎಸ್. ಜಾನಕಿಯವರು ಕನ್ನಡದ ಒಂದೊಂದು ಅಕ್ಷರವನ್ನೂ ಹೇಗೆ ನುಡಿದಿದ್ದಾರೆಂದು ಕಿವಿಗೊಟ್ಟು ಕೇಳು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನಮಗೆ ನೆಪ ಹೇಳಲು ಬಾಯಿರುವುದಿಲ್ಲ.

ಇನ್ನು ದುಡ್ಡಿನ ಮಾತು. ನಿನ್ನ ಗೆಳೆಯರ ಪರವಾಗಿ ಹೇಳಬಹುದಾದ ಅಂಶ ಇದೊಂದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹಾಡಿದವರಿಗೆ ಸಂಭಾವನೆಯ ಲಕೋಟೆ ಅಂದೇ ಸಿಗುತ್ತದೆ, ಬರೆದವರಿಗೂ ರಾಗ ಹಾಕಿದವರಿಗೂ ಹಾಡು ಓಡುವಷ್ಟು ದಿನ ಪಾಲು ಬರಬೇಕೆಂಬುದು ಕಾನೂನು. ಕೃತಿಸ್ವಾಮ್ಯ ಕಾಯ್ದೆಗೆ ಬಂದ 2012ರ ತಿದ್ದುಪಡಿಯ ನಂತರ ಸಿನಿಮಾ ಹಾಡಿನ ರಾಯಧನದ ಪಾಲನ್ನು ಬಿಟ್ಟುಕೊಟ್ಟೆನೆಂದು ಸಾಹಿತಿಯಿಂದ ಬರೆಸಿಕೊಳ್ಳುವ ಹಾಗಿಲ್ಲ. ಹಾಡುವವರಿಗೂ ರಾಯಧನದ ಹಕ್ಕು ಅದೇ ತಿದ್ದುಪಡಿಯಲ್ಲಿ ಸಿಕ್ಕಿತು. ಆದರೆ ಗಾಯಕರ ಹಕ್ಕಿನ ಅವಧಿ 50 ವರ್ಷ, ಕವಿಯದು ಅವರ ಜೀವಮಾನದ ಮೇಲೆ 60 ವರ್ಷ. ಶರೀಫಜ್ಜ ತೀರಿಕೊಂಡದ್ದು 1889ರಲ್ಲಿ, ಅವರ ಪದಕ್ಕೆ ಯಾರ ಅಪ್ಪಣೆಯೂ ಬೇಡ. ಆ ಪದಕ್ಕೆ ಸಿ. ಅಶ್ವತ್ಥ್ ಹಾಕಿದ ಮಟ್ಟಿನ ಲೆಕ್ಕ ಬೇರೆ, ಅದಕ್ಕೆ ಹಕ್ಕುದಾರರಿದ್ದಾರೆ. ಬೇಂದ್ರೆಯವರು ಹೋದದ್ದು 1981ರಲ್ಲಿ, ಕುವೆಂಪು 1994ರಲ್ಲಿ. ಅವರ ಪದ್ಯವನ್ನು ಧ್ವನಿಮುದ್ರಿಸಿ ಹೊರತರಬೇಕಾದರೆ ಮೊದಲು ಪತ್ರ ಬರೆದು ಒಪ್ಪಿಗೆ ಪಡೆ. ಕವರ್ ಸಾಂಗ್ ಹಾಕಿದ್ದಕ್ಕೆ ಕಂಪನಿಯವರು ನೋಟಿಸು ಕಳಿಸಿದರೆಂದು ಆಮೇಲೆ ಗೋಳಾಡುವುದು ತಪ್ಪುತ್ತದೆ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ನೀನು ಬರೆಯುವುದಿಲ್ಲ ಎಂಬುದು ನಿನ್ನ ಕೊರತೆಯಲ್ಲ. ನಿನ್ನ ಓರಗೆಯ ಕವಿಯೊಬ್ಬರೂ ನಿನ್ನ ಹಾಡಿನ ಪಟ್ಟಿಯಲ್ಲಿ ಇಲ್ಲ ಎಂಬುದು ಕೊರತೆ.

ಯೋಚನೆ ಮಾಡು. ಕಾಳಿಂಗರಾಯರು ಹಾಡಿದ ಕಾಲಕ್ಕೆ ಕುವೆಂಪು, ಬೇಂದ್ರೆ ನಮ್ಮ ನಡುವೆ ಓಡಾಡಿಕೊಂಡಿದ್ದ ಕವಿಗಳು. ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಬಂತು. ಅದರ ಕವಿ ನಿಸಾರ್ ಅಹಮದ್ ಅವರದೇ ತಲೆಮಾರಿನವರು, ಹೆಚ್ಚುಕಡಿಮೆ ಒಂದೇ ವಯಸ್ಸು. ಅಶ್ವತ್ಥರು ಶರೀಫರನ್ನು ಹಾಡಿದಷ್ಟೇ ಪ್ರೀತಿಯಿಂದ ಜಿ. ಎಸ್. ಶಿವರುದ್ರಪ್ಪ, ಲಕ್ಷ್ಮೀನಾರಾಯಣ ಭಟ್ಟ, ಎಚ್. ಎಸ್. ವೆಂಕಟೇಶಮೂರ್ತಿ ಇವರನ್ನೆಲ್ಲ ಹಾಡಿದರು. 'ಚಿನ್ನಾರಿ ಮುತ್ತ'ದ ಹಾಡುಗಳು ವೆಂಕಟೇಶಮೂರ್ತಿ ಮತ್ತು ಅಶ್ವತ್ಥ್ ಕೂಡಿ ಮಾಡಿದ ಕೆಲಸ. 2006ರಲ್ಲಿ 'ಮುಂಗಾರು ಮಳೆ' ಬಂದಾಗ, ಕಥೆ ಕವಿತೆಗಳಲ್ಲಿ ಆಗಲೇ ಹೆಸರಾಗಿದ್ದ ಜಯಂತ ಕಾಯ್ಕಿಣಿ ಸಿನಿಮಾದ ಹಾಡಿಗೆ ಹೊಸ ನುಡಿಗಟ್ಟು ಕೊಟ್ಟರು. ನಾವು ಇಂದು 'ಹಳೆಯ ಭಾವಗೀತೆ' ಎಂದು ಕಣ್ಣಿಗೊತ್ತಿಕೊಳ್ಳುವುದೆಲ್ಲ ಒಂದು ಕಾಲಕ್ಕೆ ಹೊಚ್ಚ ಹೊಸದು. ಗಾಯಕರು ತಮ್ಮ ಕಾಲದ ಕವಿಯ ಮನೆ ಬಾಗಿಲು ತಟ್ಟಿದ್ದರಿಂದ ಅವು ಹುಟ್ಟಿಕೊಂಡವು.

ನೀವೋ, ಯಾವ ಊರಿನ ಯಾವ ಕಾರ್ಯಕ್ರಮಕ್ಕೆ ಹೋದರೂ ಅವೇ ಹಾಡುಗಳು, ಅದೇ ಕ್ರಮ. ರಾಜ್ಯೋತ್ಸವಕ್ಕೊಂದು ಕಟ್ಟು, ಮದುವೆ ಆರತಕ್ಷತೆಗೊಂದು ಕಟ್ಟು. ಸಭಿಕರು ಕೇಳುತ್ತಾರೆಂಬುದು ನಿಜ, ಅವನ್ನು ಹಾಡು. ಜೊತೆಗೆ ಇಂದು ಕನ್ನಡದಲ್ಲಿ ಬರೆಯುತ್ತಿರುವವರನ್ನು ಓದು. ವಾರಪತ್ರಿಕೆ ತೆರೆದರೆ ಕವಿತೆಯ ಪುಟವಿದೆ. ದೀಪಾವಳಿ ವಿಶೇಷಾಂಕಗಳಿವೆ. ನಿನ್ನ ಕಾಲೇಜಿನ ಕವಿಗೋಷ್ಠಿಯಲ್ಲಿ ನಾಲ್ಕು ಜನರ ಮುಂದೆ ಓದಿ ಕೂತ ಹುಡುಗನಿದ್ದಾನೆ. ಅವರಲ್ಲಿ ಒಬ್ಬರು ನಿನಗೆ ಹೇಳಲು ಬಾರದ್ದನ್ನು ಹೇಳಿರುತ್ತಾರೆ. ಅಂಥವರ ಜೊತೆ ಕೂರು. ಈ ಪದ ಬಾಯಿಗೆ ತೊಡಕಾಗುತ್ತದೆ, ಬೇರೆ ಸಿಗುತ್ತದೆಯೇ ಎಂದು ಕೇಳು. ಅವರು ಒಲ್ಲೆ ಎಂದರೆ ಜಗಳವಾಡು. ಒಮ್ಮೊಮ್ಮೆ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತದೆ, ಎಳೆಯಲಿ. ಅಷ್ಟು ಎಳೆದಾಟದ ಮೇಲೂ ಉಳಿದ ಹಾಡು ಇಬ್ಬರದೂ ಆಗುತ್ತದೆ. ಹೊಸ ಹಾಡಿನ ಹಕ್ಕು ಪಾಲಿನ ವಿಷಯವನ್ನು ಮೊದಲೇ ಒಂದು ಕಾಗದದಲ್ಲಿ ಬರೆದುಕೊಳ್ಳಿ, ಸ್ನೇಹ ಕೆಡುವುದಿಲ್ಲ.

ಇಷ್ಟಾದ ಮೇಲೂ ಒಳಗಿನಿಂದ ಮಾತು ಬರುತ್ತಿದ್ದರೆ ಬರಿ, ಖಂಡಿತ ಬರಿ. ಮೊದಲು ಟ್ಯೂನು ಮಾಡಿಕೊಂಡು ಅದಕ್ಕೆ ಅಕ್ಷರ ತುಂಬುವ ಚಾಳಿ ಬೇಡ, ಅದು ಸಿನಿಮಾದವರ ಅನಿವಾರ್ಯ. ಮಾತ್ರಾಗಣ ಕಲಿ. ಮೂರು ಮಾತ್ರೆಯ ಗಣ ದಾದ್ರಾದಲ್ಲಿ ಹೇಗೆ ಕೂರುತ್ತದೆ, ನಾಲ್ಕರದು ಕೆಹರ್ವಾದಲ್ಲಿ ಹೇಗೆ ನಡೆಯುತ್ತದೆ, ಭಾಮಿನಿಯ ಮೂರು-ನಾಲ್ಕರ ನಡೆಗೆ ಏಳು ಮಾತ್ರೆಯ ರೂಪಕ ಹೇಗೆ ಹೊಂದುತ್ತದೆ ಎಂದು ತಬಲಾದವರ ಜೊತೆ ಕೂತು ಕೈ ತಟ್ಟಿ ನೋಡು. ಬರೆದದ್ದನ್ನು ಹಾಡಿ ತೋರಿಸಬೇಡ, ಓದಿ ತೋರಿಸು. ಒಳ್ಳೆಯ ಕಂಠ ಕೆಟ್ಟ ಸಾಲನ್ನು ಮುಚ್ಚಿಬಿಡುತ್ತದೆ, ಆಮೇಲೆ ನಿನಗೂ ಗೊತ್ತಾಗುವುದಿಲ್ಲ. ಓದಿದಾಗ ನಿಲ್ಲದ ಪದ್ಯ ಹಾಡಿದಾಗ ನಿಂತಂತೆ ಕಂಡರೆ, ನಿಂತದ್ದು ರಾಗ ಮಾತ್ರ. ಅಂಥ ಹಾಡಿಗಿಂತ ಶರೀಫಜ್ಜನ ಒಂದು ಪದ ನಿನಗೂ ನಾಡಿಗೂ ಲೇಸು.

ಕೊನೆಗೆ ಒಂದು ಮರ್ಯಾದೆಯ ವಿಷಯ. ವಚನಕಾರರೂ ದಾಸರೂ ತಮ್ಮ ರಚನೆಗಳಲ್ಲಿ ಅಂಕಿತ ಇಟ್ಟರು, ಹಾಗಾಗಿ ಹಾಡಿದವರೆಲ್ಲ ಅವರನ್ನು ಹೇಳಿಯೇ ಹಾಡಬೇಕಾಯಿತು. ಇಂದಿನ ಕವಿಗೆ ಅಂಕಿತದ ಕಾವಲಿಲ್ಲ, ಅವರ ಹೆಸರು ಹೇಳುವುದು ನಿನ್ನ ಕೆಲಸ. ವೇದಿಕೆ ಮೇಲೆ ಪಲ್ಲವಿಗೆ ಮೊದಲು ಕವಿಯ ಹೆಸರು, ರಾಗ ಸಂಯೋಜಿಸಿದವರ ಹೆಸರು ಎರಡನ್ನೂ ಹೇಳು. ಯೂಟ್ಯೂಬಿಗೆ ಹಾಕಿದರೂ ಅಲ್ಲಿ ಬರಿ. ಜನಪದವಾದರೆ ಯಾವ ಸೀಮೆಯದು, ಯಾರ ಬಾಯಿಂದ ಕಲಿತೆ ಎಂದು ಹೇಳು.

ಬರುವ ನವೆಂಬರಿನಲ್ಲಿ ನಿನಗೆ ಕಾರ್ಯಕ್ರಮಗಳಿದ್ದೇ ಇರುತ್ತವೆ. ಪಟ್ಟಿಯಲ್ಲಿ ಹತ್ತು ಹಾಡಿದ್ದರೆ ಎಂಟು ನಮ್ಮ ಹಿರಿಯರದು ಇರಲಿ, ಎರಡು ನಿನ್ನ ಓರಗೆಯವರು ಬರೆದದ್ದಿರಲಿ. ಆ ಎರಡರಲ್ಲಿ ಒಂದು ನೀನೇ ಬರೆದದ್ದಾದರೆ ಸಂತೋಷ, ಆಗದಿದ್ದರೂ ನೀನು ಗಾಯಕಿಯೇ.