ಶೆಲ್ ಟೆಸ್ಟ್‌ಗಳಲ್ಲಿ ಪಾಸ್‌ವರ್ಡ್ ಫೈಲ್: ಮಾಡಬೇಕಾದ್ದು, ಮಾಡಬಾರದ್ದು

ಶೆಲ್‌ನಲ್ಲಿ ಇಂಟಿಗ್ರೇಶನ್ ಟೆಸ್ಟ್ ಬರೆಯುವ ಎಲ್ಲರಿಗೂ ಇದು ಅನ್ವಯ. ಟೆಸ್ಟ್‌ಗೆ ಬೇಕಾದ ಪಾಸ್‌ವರ್ಡ್, ಟೋಕನ್, ಕೀಲಿಗಳ ಫೈಲನ್ನು ಟೆಸ್ಟೇ ಸೃಷ್ಟಿಸಬೇಕು, ಟೆಸ್ಟೇ ಅಳಿಸಬೇಕು. ರನ್ ಮಾಡುವವರ ಸ್ವಂತ ಫೈಲುಗಳ ಗೊಡವೆಗೆ ಹೋಗಕೂಡದು.

ಮಾಡಬೇಕಾದ್ದು

1. ಪ್ರತಿ ರನ್‌ಗೂ ‘ಎಂಕೆಟೆಂಪ್ -ಡಿ’ಯಿಂದ ಹೊಸ ಫೋಲ್ಡರ್ ಮಾಡಿ. ಅದಕ್ಕೆ ಹುಟ್ಟುವಾಗಲೇ 700 ಪರ್ಮಿಶನ್ ಇರುತ್ತದೆ. ಬೇರೆ ಬಳಕೆದಾರರು ಒಳಗೆ ಇಣುಕಲಾರರು.

2. ಫೈಲ್ ಬರೆಯುವ ಮೊದಲೇ ‘ಯುಮಾಸ್ಕ್ 077’ ಹಾಕಿ. ಬರೆದ ಮೇಲೆ ‘ಸಿಎಚ್‌ಮಾಡ್ 600’ ಕೊಟ್ಟರೆ ನಡುವೆ ಒಂದು ಕ್ಷಣ ಫೈಲ್ ತೆರೆದೇ ಇರುತ್ತದೆ. ಪರ್ಮಿಶನ್ ಸಡಿಲವಾಗಿದ್ದರೆ ಎಸ್‌ಎಸ್‌ಎಚ್ ಆ ಖಾಸಗಿ ಕೀಲಿಯನ್ನು ಬಳಸುವುದಿಲ್ಲ. ಪೋಸ್ಟ್‌ಗ್ರೆಸ್ ಕ್ಲೈಂಟ್ ಪಾಸ್‌ವರ್ಡ್ ಫೈಲನ್ನು ಕಡೆಗಣಿಸುತ್ತದೆ.

3. ಫೋಲ್ಡರ್ ಮಾಡಿದ ಮರುಸಾಲಿನಲ್ಲೇ ಎಕ್ಸಿಟ್‌ಗೆ ‘ಟ್ರ್ಯಾಪ್’ ಕಟ್ಟಿ, ಅಳಿಸುವ ಕೆಲಸ ಅದಕ್ಕೆ ಒಪ್ಪಿಸಿ. ‘ಕಿಲ್ -9’ ಬಿದ್ದರೆ ಟ್ರ್ಯಾಪ್ ನಡೆಯದು. ಹಾಗಾಗಿ ಟೆಸ್ಟ್‌ಗೆಂದೇ ತೆರೆದ ಖಾತೆಯ, ಬೇಗ ಅವಧಿ ಮುಗಿಯುವ ಟೋಕನ್ ಮಾತ್ರ ಬಳಸಿ.

4. ಫೈಲ್ ಎಲ್ಲಿದೆಯೆಂದು ಪ್ರತಿ ಪ್ರೋಗ್ರಾಮ್‌ಗೂ ಬಾಯಿಬಿಟ್ಟು ಹೇಳಿ: ಪೋಸ್ಟ್‌ಗ್ರೆಸ್‌ಗೆ ‘ಪಿಜಿಪಾಸ್‌ಫೈಲ್’, ಡಾಕರ್‌ಗೆ ‘ಡಾಕರ್_ಕಾನ್ಫಿಗ್’, ಕರ್ಲ್‌ಗೆ ‘--ನೆಟ್‌ಆರ್‌ಸಿ-ಫೈಲ್’. ‘ಹೋಮ್’ ವೇರಿಯಬಲ್ ಬದಲಿಸಿದರೆ ಸಾಕು ಎಂದುಕೊಳ್ಳಬೇಡಿ; ಓಪನ್‌ಎಸ್‌ಎಸ್‌ಎಚ್ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಅದಕ್ಕೆ ‘-ಎಫ್’, ‘-ಐ’ ಎರಡನ್ನೂ ಕೊಡಿ.

ಮಾಡಬಾರದ್ದು

1. ಹೋಮ್‌ನಲ್ಲಿರುವ ‘.ನೆಟ್‌ಆರ್‌ಸಿ’, ‘.ಪಿಜಿಪಾಸ್’ ಫೈಲುಗಳನ್ನು ಬ್ಯಾಕಪ್ ತೆಗೆದು, ನಕಲಿ ಇಟ್ಟು, ಕೊನೆಗೆ ವಾಪಸ್ ಹಾಕುವ ಚಾಳಿ ಬೇಡ. ಎರಡು ಟೆಸ್ಟ್ ಒಟ್ಟಿಗೆ ನಡೆದರೆ, ಮೊದಲನೆಯದು ಇಟ್ಟ ನಕಲಿಯನ್ನೇ ಎರಡನೆಯದು ಅಸಲಿಯೆಂದು ಬ್ಯಾಕಪ್ ತೆಗೆಯುತ್ತದೆ. ಅಸಲಿ ಫೈಲ್ ಅಲ್ಲಿಗೆ ಕೈಬಿಟ್ಟು ಹೋದಂತೆ.

2. ಕಮಾಂಡ್ ಸಾಲಿನಲ್ಲಿ ಪಾಸ್‌ವರ್ಡ್ ಬರೆಯಬೇಡಿ. ಅದೇ ಮಷೀನಿನಲ್ಲಿ ‘ಪಿಎಸ್’ ಕೊಟ್ಟವರ ಕಣ್ಣಿಗೆ ಅದು ಬೀಳಬಹುದು. ಡಾಕರ್ ಲಾಗಿನ್‌ಗೆ ‘--ಪಾಸ್‌ವರ್ಡ್-ಎಸ್‌ಟಿಡಿಇನ್’ ಇದೆ, ಬಳಸಿ.

3. ಪಾಸ್‌ವರ್ಡ್ ಮುಟ್ಟುವ ಸಾಲುಗಳ ಸುತ್ತ ‘ಸೆಟ್ -ಎಕ್ಸ್’ ಬೇಡವೇ ಬೇಡ. ವೇರಿಯಬಲ್‌ನ ಹೆಸರಲ್ಲ, ಒಳಗಿರುವ ಪಾಸ್‌ವರ್ಡೇ ಲಾಗ್‌ಗೆ ಹೋಗುತ್ತದೆ.

4. ರಿಪಾಸಿಟರಿಯೊಳಗೆ ಫೈಲ್ ಇಡಬೇಡಿ. ಒಮ್ಮೆ ಕಮಿಟ್ ಆದ ಫೈಲನ್ನು ‘.ಗಿಟ್‌ಇಗ್ನೋರ್’ ತಡೆಯುವುದಿಲ್ಲ.

ಸೋರಿಕೆಯಾದರೆ

ಮೊದಲು ಟೋಕನ್ ರದ್ದು ಮಾಡಿ, ಹೊಸದು ಪಡೆಯಿರಿ. ಕಮಿಟ್ ಇತಿಹಾಸ ತೊಳೆಯುವುದು ಆಮೇಲೆ. ಮುಂದಿನ ಕಮಿಟ್‌ನಲ್ಲಿ ಫೈಲ್ ಅಳಿಸಿದ ಮಾತ್ರಕ್ಕೆ ಹಿಂದಿನದರಿಂದ ಅದು ಹೋಗುವುದಿಲ್ಲ.

ಈ ನಿಯಮ ಮೀರಿದ ಸ್ಕ್ರಿಪ್ಟ್, ಟೆಸ್ಟ್ ಪಾಸಾದರೂ ಮರ್ಜ್ ಆಗುವುದಿಲ್ಲ.